ಸಂಬಳದ ಚೆಂಡು, ಡಾಕ್ಟರ ಬ್ಯಾಟು



ಈ ದತ್ತಿಯ ಷರತ್ತು ಚಿಕ್ಕದು. ಉಪನ್ಯಾಸ ಕನ್ನಡದಲ್ಲಿರಬೇಕು, ಒಬ್ಬ ವೈದ್ಯರ ಬದುಕಿನ ಬಗ್ಗೆ ಇರಬೇಕು. ಆ ವೈದ್ಯರು ಆಟಗಾರರೂ ಆಗಿರಲಿ, ಆಟದಿಂದ ದುಡಿದವರಾದರೆ ಇನ್ನೂ ಒಳ್ಳೆಯದು ಎಂದು ಸಂಘಟಕರು ಈ ವರ್ಷ ಒಂದು ಗಂಟು ಸೇರಿಸಿದ್ದಾರೆ. ಆ ಗಂಟನ್ನು ಬಿಚ್ಚುವುದಕ್ಕೇ ನನ್ನ ಪೂರ್ತಿ ಸಮಯ ಬೇಕು. ಏಕೆಂದರೆ ನಮ್ಮ ಕ್ರಿಕೆಟ್ಟಿನ ಮೊದಲ ತಲೆಮಾರಿನಲ್ಲಿ ಡಾಕ್ಟರ ಆಟಗಾರರಿದ್ದರು, ಸಂಬಳದ ಆಟಗಾರರೂ ಇದ್ದರು. 1911ರಲ್ಲಿ ಇಬ್ಬರೂ ಒಂದೇ ಹಡಗು ಹತ್ತಿ ಇಂಗ್ಲೆಂಡಿಗೂ ಹೋದರು. ಡಾಕ್ಟರು ಪಾರ್ಸಿ, ಮುಂಬೈಯವರು. ಸಂಬಳದವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಡಾಕ್ಟರನ್ನು ಯಾರೂ ಸಂಬಳದವರೆನ್ನಲಿಲ್ಲ, ಸಂಬಳದವರನ್ನು ಡಾಕ್ಟರ ಸಾಲಿನಲ್ಲಿ ಯಾರೂ ಕೂರಿಸಲಿಲ್ಲ. ಹೀಗೇಕೆ ಎಂದು ಕೇಳಿಕೊಂಡರೆ ಮೊದಲು ಇಂಗ್ಲೆಂಡಿಗೇ ಹೋಗಬೇಕಾಗುತ್ತದೆ.

ಡಬ್ಲ್ಯೂ. ಜಿ. ಗ್ರೇಸ್ ಅವರ ಗಡ್ಡದ ಚಿತ್ರ ನೋಡದವರು ಇಲ್ಲಿ ಕಡಿಮೆ. ಕ್ರಿಕೆಟ್ ಪುಸ್ತಕ ತೆರೆದರೆ ಆ ಗಡ್ಡ ಎಲ್ಲಾದರೂ ಒಂದು ಪುಟದಲ್ಲಿ ಇರಲೇಬೇಕು. 1848ರಲ್ಲಿ ಹುಟ್ಟಿದವರು. ತಂದೆ ವೈದ್ಯರು, ಅಣ್ಣಂದಿರೂ ವೈದ್ಯರೇ. ಒಬ್ಬ ಅಣ್ಣ, ಇ. ಎಂ. ಗ್ರೇಸ್, ಅನುಮಾನಾಸ್ಪದ ಸಾವುಗಳ ವಿಚಾರಣೆ ನಡೆಸುವ ಸರ್ಕಾರಿ ಹುದ್ದೆಯಲ್ಲಿದ್ದುಕೊಂಡೇ ಇಂಗ್ಲೆಂಡಿಗೆ ಆಡಿದವರು. ಬೆಳಿಗ್ಗೆ ಹೆಣದ ಪಂಚನಾಮೆ, ಮಧ್ಯಾಹ್ನ ಬ್ಯಾಟಿಂಗ್! ನಮ್ಮ ಗ್ರೇಸ್ 1868ರಲ್ಲಿ ಬ್ರಿಸ್ಟಲ್‌ನ ವೈದ್ಯಕೀಯ ಶಾಲೆ ಸೇರಿದರು, ಪಾಸಾದದ್ದು 1879ರಲ್ಲಿ. ಹನ್ನೊಂದು ವರ್ಷ. ನಮ್ಮ ಮಕ್ಕಳು ಹೀಗೆ ಓದಿದರೆ ಮನೆಯಲ್ಲಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಹನ್ನೊಂದು ವರ್ಷಗಳಲ್ಲಿ ಅವರು ಜಗತ್ತಿನ ಅತಿ ದೊಡ್ಡ ಬ್ಯಾಟುಗಾರರಾಗಿದ್ದರು ಎಂಬುದೊಂದೇ ಸಮಾಧಾನ.

ಆಮೇಲೆ ಬ್ರಿಸ್ಟಲ್‌ನ ಬಡವರ ಬಡಾವಣೆಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷ ದವಾಖಾನೆ ನಡೆಸಿದರು. ಬೇಸಿಗೆ ಬಂತೆಂದರೆ ರೋಗಿಗಳನ್ನು ನೋಡಲು ಬದಲಿ ವೈದ್ಯರು ಬರುತ್ತಿದ್ದರು. ಗ್ರೇಸ್ ಹೆಸರಿಗಷ್ಟೇ ಡಾಕ್ಟರಾಗಿದ್ದರು ಎಂದುಕೊಳ್ಳಬೇಡಿ. 1887ರಲ್ಲಿ ಮ್ಯಾಂಚೆಸ್ಟರಿನ ಮೈದಾನದಲ್ಲಿ ಅವರ ತಂಡದ ಆರ್ಥರ್ ಕ್ರೂಮ್ ಎಂಬ ಯುವಕ ಚೆಂಡಿನ ಹಿಂದೆ ಓಡಿ ಬೇಲಿಯ ಕಬ್ಬಿಣದ ಮೊನೆಗೆ ಕುತ್ತಿಗೆ ಕೊಟ್ಟುಬಿಟ್ಟ. ಗ್ರೇಸ್ ಗಾಯದ ಎರಡೂ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದರು. ಹೊಲಿಗೆ ಹಾಕುವ ಸಾಮಾನು ಬರುವವರೆಗೆ, ಸುಮಾರು ಅರ್ಧ ಗಂಟೆ, ಕೈ ಅಲುಗಿಸಲಿಲ್ಲ. ಕ್ರೂಮ್ ಬದುಕಿದ, ಮುಂದೆ ಪತ್ರಿಕೆಗಳಿಗೆ ಕ್ರಿಕೆಟ್ ಬರೆಯುತ್ತ 1930ರವರೆಗೆ ಬಾಳಿದ.

ಇನ್ನು ದುಡ್ಡಿನ ವಿಷಯ. ಆಗಿನ ಇಂಗ್ಲೆಂಡಿನಲ್ಲಿ ಕ್ರಿಕೆಟ್ ಆಡುವವರಲ್ಲಿ ಎರಡು ಜಾತಿ. ಜಾತಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಆಟಕ್ಕೆ ಕೂಲಿ ತೆಗೆದುಕೊಳ್ಳದವರು ಜಂಟಲ್‌ಮನ್, ತೆಗೆದುಕೊಳ್ಳುವವರು ಪ್ಲೇಯರ್. ಇಬ್ಬರಿಗೂ ಬೇರೆ ಬೇರೆ ಡ್ರೆಸ್ಸಿಂಗ್ ರೂಮು, ಮೈದಾನಕ್ಕಿಳಿಯಲು ಬೇರೆ ಬೇರೆ ಗೇಟು. ಸ್ಕೋರ್ ಕಾರ್ಡಿನಲ್ಲಿ ಜಂಟಲ್‌ಮನ್ನರಿಗೆ ಇನಿಷಿಯಲ್ ಹೆಸರಿನ ಮುಂದೆ, ಪ್ಲೇಯರರಿಗೆ ಹೆಸರಿನ ಹಿಂದೆ. ಈ ಎರಡು ಜಾತಿಗಳ ನಡುವೆಯೇ 1806ರಿಂದ 1962ರವರೆಗೆ ಪಂದ್ಯಗಳು ನಡೆದವು. ಗ್ರೇಸ್ ಜಂಟಲ್‌ಮನ್ನರ ಕಡೆ.

ಆದರೆ 1873ರ ಚಳಿಗಾಲದಲ್ಲಿ ಆಸ್ಟ್ರೇಲಿಯಕ್ಕೆ ತಂಡ ಕಟ್ಟಿಕೊಂಡು ಹೊರಟಾಗ ಈ ಜಂಟಲ್‌ಮನ್ 1,500 ಪೌಂಡ್ ತೆಗೆದುಕೊಂಡರು. ಅದೇ ತಂಡದ ಸಂಬಳದ ಆಟಗಾರರಿಗೆ ಸಿಕ್ಕಿದ್ದು ತಲಾ 170 ಪೌಂಡು, ಹಡಗಿನಲ್ಲಿ ಎರಡನೆಯ ದರ್ಜೆ. 1891ರಲ್ಲಿ ಮತ್ತೆ ಹೋದಾಗ ಗ್ರೇಸ್ ದರ 3,000ಕ್ಕೆ ಏರಿತ್ತು. 1879ರಲ್ಲಿ ಡಾಕ್ಟರ್ ಪಾಸಾದ ಹೊತ್ತಿಗೆ ದವಾಖಾನೆ ಹಾಕಿಕೊಳ್ಳಲೆಂದು ಅಭಿಮಾನಿಗಳು ಚಂದಾ ಎತ್ತಿ 1,458 ಪೌಂಡ್ ಕೊಟ್ಟರು. 1895ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಮೇ ತಿಂಗಳೊಂದರಲ್ಲೇ ಸಾವಿರ ರನ್ ಹೊಡೆದು ನೂರನೆಯ ಶತಕವನ್ನೂ ಮುಟ್ಟಿದಾಗ ಇಡೀ ದೇಶ ಚಂದಾ ಕೂಡಿಸಿ 9,073 ಪೌಂಡ್ ಒಪ್ಪಿಸಿತು. ಆ ಕಾಲದ ಯಾವ ಸಂಬಳದ ಆಟಗಾರನೂ ಅಷ್ಟು ಹಣವನ್ನು ಕನಸಿನಲ್ಲೂ ಕಂಡಿರಲಿಲ್ಲ. ಹಾಗಿದ್ದೂ ಗ್ರೇಸ್ ಸಂಬಳದವರಲ್ಲ. ಅವರು ಡಾಕ್ಟರು. ಡಾಕ್ಟರಿಗೆ ಕೊಟ್ಟದ್ದು ಗೌರವಧನ, ಕೂಲಿಯಲ್ಲ! ವೈದ್ಯಪದವಿ ಅವರ ಜೇಬನ್ನು ಮುಚ್ಚುವ ಮೇಲಂಗಿಯಾಗಿತ್ತು. ಸಂಘಟಕರು ಕೇಳಿದ ‘ಡಾಕ್ಟರೂ ಹೌದು, ವೃತ್ತಿಪರ ಆಟಗಾರರೂ ಹೌದು’ ಎಂಬ ಮನುಷ್ಯ ಇವರೇ. ಹಾಗೆಂದು ಅವರೆದುರು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಈ ಜಾತಿಪದ್ಧತಿ ಹಡಗು ಹತ್ತಿ ನಮ್ಮಲ್ಲಿಗೆ ಬಂದಾಗ, ಇಲ್ಲಿ ಅದಕ್ಕಿಂತ ಹಳೆಯದೊಂದು ಕಾದು ಕುಳಿತಿತ್ತು.

ಪಲ್ವಣಕರ್ ಬಾಲೂ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮೂಲ ಕೊಂಕಣ, ಹೆಸರಿನಲ್ಲಿರುವ ಪಲ್ವಣ ಅಲ್ಲಿಯ ಊರು. ತೊಗಲಿನ ಕೆಲಸದ ಸಮುದಾಯ, ಅಂದರೆ ಊರಿನವರು ಮುಟ್ಟದ ಸಮುದಾಯ. ತಂದೆ ಸೈನ್ಯದಲ್ಲಿದ್ದುದರಿಂದ ಕುಟುಂಬ ಪುಣೆಯಲ್ಲಿ ನೆಲೆಸಿತು. ಗೋರಾ ಅಧಿಕಾರಿಗಳು ಬಿಸಾಡಿದ ಬ್ಯಾಟು, ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಮೊದಲ ಕೆಲಸ ಪಾರ್ಸಿಗಳ ಕ್ಲಬ್ಬಿನಲ್ಲಿ, ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಐರೋಪ್ಯರ ಪೂನಾ ಕ್ಲಬ್ಬು, ಸಂಬಳ 4 ರೂಪಾಯಿ. ಪಿಚ್ಚಿಗೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಗೆರೆ ಹಾಕುವುದು ಕೆಲಸ. ಬಿಡುವಿದ್ದಾಗ ಸಾಹೇಬರಿಗೆ ಬೌಲಿಂಗ್.

ಆ ಬಿಡುವೇ ಭಾರತದ ಮೊದಲ ದೊಡ್ಡ ಸ್ಪಿನ್ನರನ್ನು ತಯಾರಿಸಿತು. ಜೆ. ಜಿ. ಗ್ರೇಗ್ ಎಂಬ ಸೈನ್ಯಾಧಿಕಾರಿ ಆಗಿನ ಪುಣೆಯಲ್ಲಿ ದೊಡ್ಡ ಬ್ಯಾಟುಗಾರ. ಉಳಿದವರು ಬರುವ ಮೊದಲೇ ಮೈದಾನಕ್ಕೆ ಬಂದು ಗಂಟೆಗಟ್ಟಲೆ ಬಾಲೂ ಅವರಿಂದ ಚೆಂಡು ಹಾಕಿಸಿಕೊಳ್ಳುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರಂತೆ. ಇದು ನಿಜವಾದರೆ ನಮ್ಮ ದೇಶದ ಮೊದಲ ವಿಕೆಟ್ ಬೋನಸ್ ಇದೇ ಇರಬೇಕು. ಎಡಗೈಯ ಆ ಬೌಲಿಂಗ್ ಹೀಗೆ ಸಾವಿರಾರು ಓವರುಗಳಲ್ಲಿ ಪಳಗಿತು. ಆದರೆ ಪೂನಾ ಕ್ಲಬ್ಬಿನಲ್ಲಿದ್ದಷ್ಟು ಕಾಲ ಬಾಲೂ ಕೈಗೆ ಒಂದು ದಿನವೂ ಬ್ಯಾಟು ಕೊಡಲಿಲ್ಲ. ಚೆಂಡು ಹಾಕುವುದು ಮೈಮುರಿಯುವ ಕೆಲಸ, ಆಳುಗಳದು. ಬ್ಯಾಟು ಬೀಸುವುದು ದೊರೆಗಳ ಸೊಗಸು. ಇದು ಇಂಗ್ಲೆಂಡಿನ ವಿಂಗಡಣೆಯೇ, ಅಲ್ಲಿಯೂ ಬೌಲರುಗಳು ಹೆಚ್ಚಾಗಿ ಸಂಬಳದವರು, ಗಣಿಯ ಮತ್ತು ಗಿರಣಿಯ ಊರುಗಳ ಹುಡುಗರು.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಐರೋಪ್ಯರನ್ನು ಸೋಲಿಸುವ ಆಸೆ. ಬಾಲೂ ಇಲ್ಲದೆ ಅದು ಆಗದು ಎಂದು ಎಲ್ಲರಿಗೂ ಗೊತ್ತು. ಕರೆದರೆ ಮಡಿಯ ಗತಿ? ತುಂಬಾ ವಾದವಾಗಿ ಕೊನೆಗೆ ಕರೆದರು. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ವೇಳೆಗೆ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಕುಡಿಕೆ, ಒಳಗಿನವರಿಗೆ ಪಿಂಗಾಣಿ ಕಪ್ಪು. ಊಟವೂ ಬೇರೆ. ಸಾತಾರಾಕ್ಕೆ ಹೋದಾಗ ಅಲ್ಲಿನ ಐರೋಪ್ಯರು ಅವರ ಸ್ಪಿನ್ನಿಗೆ ಹೆದರಿ ಪಿಚ್ಚನ್ನು ದಿನಗಟ್ಟಲೆ ಉರುಳಿಸಿ ಗಟ್ಟಿಮಾಡಿಟ್ಟಿದ್ದರು. ಬಾಲೂ ಏಳು ವಿಕೆಟ್ ಕಿತ್ತು ಪುಣೆಗೆ ಬಂದರು. ಅವರೊಡನೆ ಆಡಬಹುದಾದರೆ ಕೂತು ಉಣ್ಣಲೂಬಹುದಲ್ಲ ಎಂಬರ್ಥದ ಮಾತನ್ನು ಮಹಾದೇವ ಗೋವಿಂದ ರಾನಡೆಯವರು ಆಗ ಬಹಿರಂಗವಾಗಿ ಆಡಿದರು. ವಿಕೆಟ್ ಬಿದ್ದಮೇಲೆ ಬರುವ ಇಂಥ ಜ್ಞಾನದ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಏನೇ ಇರಲಿ, ಕುಡಿಕೆ ಹೋಗಿ ಕಪ್ಪು ಬಂತು.

1896ರಲ್ಲಿ ಪ್ಲೇಗು ಬಂದಾಗಿನ ದಿನಗಳಲ್ಲಿ ಬಾಲೂ ಮುಂಬೈಗೆ ಹೋದರು, ಮುಂದೆ ರೈಲ್ವೆಯಲ್ಲಿ ನೌಕರಿ ಹಿಡಿದು ರೈಲ್ವೆ ತಂಡಕ್ಕೂ ಹಿಂದೂ ಜಿಮ್ಖಾನಾಕ್ಕೂ ಆಡಿದರು. ಆಟಗಾರನಿಗೆ ರೈಲ್ವೆ ನೌಕರಿ ಕೊಟ್ಟು ತಂಡ ಕಟ್ಟುವ ಪದ್ಧತಿ ಇವತ್ತಿಗೂ ನಮ್ಮಲ್ಲಿ ಜೀವಂತವಾಗಿದೆ. 1906ರಲ್ಲಿ ಮುಂಬೈನಲ್ಲಿ ಹಿಂದೂ ತಂಡ ಐರೋಪ್ಯರನ್ನು 109 ರನ್ನುಗಳಿಂದ ಸೋಲಿಸಿದಾಗ ಇಬ್ಬರು ಪಲ್ವಣಕರರೂ ತಂಡದಲ್ಲಿದ್ದರು.

ಈಗ 1911. ಅಖಿಲ ಭಾರತ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋದ ಮೊದಲ ತಂಡ. ನಾಯಕ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ಇನ್ನೂ ಹತ್ತೊಂಬತ್ತರ ಹರೆಯ. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ ಅದು. ಮಹಾರಾಜರಿಗೆ ಔತಣಕೂಟಗಳ ನಡುವೆ ಮೈದಾನಕ್ಕೆ ಬರಲು ಬಿಡುವು ಕಡಿಮೆ. ತಂಡದಲ್ಲಿ ಪಾರ್ಸಿಗಳು, ಮುಸ್ಲಿಮರು, ಹಿಂದೂಗಳು. ನಮ್ಮ ಬೆಂಗಳೂರಿನ ಬಿ. ಜಯರಾಮ್ ಕೂಡ ಇದ್ದರು. ಪಾರ್ಸಿಗಳ ಪೈಕಿ ಮುಂಬೈನ ಡಾಕ್ಟರ್ ಎಚ್. ಡಿ. ಕಾಂಗಾ, ಸೊಗಸಾದ ಬ್ಯಾಟುಗಾರ.

ಪಾರ್ಸಿ ಡಾಕ್ಟರ ಆಟ ಆಗಲೇ ಒಂದು ಪರಂಪರೆಯಾಗಿತ್ತು. ಕಾಂಗಾ ಅವರಿಗಿಂತ ಮೊದಲು ಡಾಕ್ಟರ್ ಮೆಹೆಲ್ಲಾಶಾ ಪಾವ್ರಿ ಇದ್ದರು. 1888ರ ಪಾರ್ಸಿ ತಂಡದೊಡನೆ ಇಂಗ್ಲೆಂಡಿಗೆ ಹೋಗಿ 170 ವಿಕೆಟ್ ಪಡೆದವರು, ಮುಂದೆ ಅಲ್ಲಿಯೇ ವೈದ್ಯಕೀಯ ಓದುತ್ತ 1895ರಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಗೆ ಆಡಿದವರು. ಡಾಕ್ಟರೊಬ್ಬರು ಬೆವರು ಸುರಿಸಿ ವೇಗವಾಗಿ ಬೌಲ್ ಮಾಡಿದರೂ ಅವರನ್ನು ಆಳು ಎನ್ನಲಿಲ್ಲ ಎಂಬುದನ್ನು ಗಮನಿಸಿ. ಅಂದರೆ ಕೆಲಸಕ್ಕೆ ಜಾತಿ ಇರಲಿಲ್ಲ, ಮಾಡುವವನಿಗಿತ್ತು. ಇಂದಿಗೂ ಮುಂಬೈನಲ್ಲಿ ಮಳೆಗಾಲದ ಕೆಸರಿನಲ್ಲೇ ನಡೆಯುವ ಕಾಂಗಾ ಲೀಗ್ 1948ರಲ್ಲಿ ಶುರುವಾಗಿ ಡಾಕ್ಟರ್ ಕಾಂಗಾ ಅವರ ಹೆಸರನ್ನು ಉಳಿಸಿಕೊಂಡಿದೆ. ಬಾಲೂ ಹೆಸರಿನಲ್ಲಿ ಅಷ್ಟು ದೊಡ್ಡದೇನೂ ಬಹುಕಾಲ ಹುಟ್ಟಲಿಲ್ಲ.

ಪ್ರವಾಸದ ಫಲಿತಾಂಶ ಹೇಳಿಕೊಳ್ಳುವಂಥದ್ದಲ್ಲ. ಪ್ರಥಮ ದರ್ಜೆಯ 14 ಪಂದ್ಯಗಳಲ್ಲಿ 2 ಗೆಲುವು, 10 ಸೋಲು. ಆ ಸೋಲುಗಳ ನಡುವೆ ಮೂವತ್ತೈದು ವರ್ಷದ ಬಾಲೂ, ನೋಯುತ್ತಿದ್ದ ಭುಜವನ್ನು ಹೊತ್ತುಕೊಂಡು, ಆ ಪಂದ್ಯಗಳಲ್ಲೇ 75 ವಿಕೆಟ್ ಪಡೆದರು. ಉಳಿದ ಪಂದ್ಯಗಳನ್ನೂ ಸೇರಿಸಿದರೆ 114. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ ಎಂಟು. ಸೋಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ಟಿನಿಂದ ಗೆದ್ದ ಪಂದ್ಯದಲ್ಲಿ ಶತಕ ಹೊಡೆದದ್ದು ತಮ್ಮ ಶಿವರಾಮ್. ಆ ಮನೆಯಲ್ಲಿ ಬ್ಯಾಟು ಹಿಡಿಯಬಲ್ಲವರಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಂಡವನ್ನು ಭುಜದ ಮೇಲೆ ಹೊತ್ತವರಿಗೆ ಮುಂಬೈನಲ್ಲಿ ಹಾರ ಸಿಕ್ಕಿತು, ನಾಯಕತ್ವ ಸಿಗಲಿಲ್ಲ. 1913ರಲ್ಲಿ ಹಿಂದೂ ತಂಡದ ನಾಯಕರಾದ ಎಂ. ಡಿ. ಪೈ ತಮಗೆ ಸಂದ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಎಂದು ಸಭೆಯಲ್ಲೇ ಹೇಳಿದರು. ನನಗೆ ಈ ಪೈ ಎಂದರೆ ಇಷ್ಟ. 1920ರ ಮುಂಬೈ ಪಂದ್ಯಾವಳಿಯಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಕಾಯಿಲೆ ಬಿದ್ದಾಗ ಮತ್ತೊಬ್ಬ ತಮ್ಮ ವಿಠ್ಠಲ್ ಅವರನ್ನು ದಾಟಿ ಇನ್ನೊಬ್ಬರನ್ನು ನಾಯಕರನ್ನಾಗಿಸಿದರು. ವಿಠ್ಠಲ್, ಶಿವರಾಮ್ ಇಬ್ಬರೂ ಪತ್ರಿಕೆಗೆ ಹೇಳಿಕೆ ಕೊಟ್ಟು ಹೊರನಡೆದರು. ಗದ್ದಲವೆದ್ದು, ಫೈನಲ್ ಪಂದ್ಯಕ್ಕೆ ಪೈ ಮರಳಿ ಬಂದರು, ಬಾಲೂ ಉಪನಾಯಕರಾದರು. ಪೈ ಸ್ವಲ್ಪ ಹೊತ್ತು ಬೇಕೆಂದೇ ಮೈದಾನದಿಂದ ಹೊರಗುಳಿದು ತಂಡವನ್ನು ಬಾಲೂ ಕೈಗೆ ಬಿಟ್ಟರು. 1923ರ ಪಂದ್ಯಾವಳಿಗೆ ವಿಠ್ಠಲ್ ನಾಯಕರಾದರು, ಹಿಂದೂ ತಂಡ ಗೆದ್ದಿತು.

ಬಾಲೂ ಅವರ ರಾಜಕೀಯ ನಮಗೆ ಈಗ ಅಷ್ಟು ಸಲೀಸಾಗಿ ಒಗ್ಗುವುದಿಲ್ಲ. ಪುಣೆ ಒಪ್ಪಂದದ ಕಾಲದಲ್ಲಿ ಅವರು ಗಾಂಧಿ ಪಕ್ಷ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು ಬೇರೆ ಯಾರ ಎದುರಿಗೂ ಅಲ್ಲ, ಅಂಬೇಡ್ಕರ್ ಎದುರಿಗೆ. ಸುಮಾರು ಎರಡು ಸಾವಿರ ಮತಗಳಿಂದ ಸೋತರು. ಎಂದೋ ಮೆಚ್ಚಿಕೊಂಡ ಹಿರಿಯನನ್ನು ಚುನಾವಣೆಯಲ್ಲಿ ಎದುರಿಸಬೇಕಾದ ಅಂಬೇಡ್ಕರರಿಗೂ ಅದು ಸುಖದ ಗೆಲುವಾಗಿರಲಾರದು. 1955ರಲ್ಲಿ ಬಾಲೂ ತೀರಿಕೊಂಡರು.

ಇಷ್ಟು ಹೇಳಿದ ಮೇಲೆ, ಡಾಕ್ಟರುಗಳೆಲ್ಲ ಬಾಗಿಲ ಒಳಗಿದ್ದವರೇ ಎಂಬ ಭಾವನೆ ನಿಮ್ಮಲ್ಲಿ ಬಂದಿದ್ದರೆ ಅದನ್ನು ಕೆಡಿಸುವ ಒಬ್ಬರ ಬಗ್ಗೆ ಹೇಳಬೇಕು. ತಾಲಿಮೆರೆನ್ ಆವೊ, 1918ರಲ್ಲಿ ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ತಂದೆ ಕ್ರೈಸ್ತ ಪಾದ್ರಿ. ಮಗ ಡಾಕ್ಟರಾಗಬೇಕೆಂಬುದು ಅವರ ಆಸೆ. ಮಗ ಹರೆಯದಲ್ಲಿದ್ದಾಗಲೇ ಅವರು ತೀರಿಕೊಂಡರು. ಗುವಾಹಾಟಿಯಲ್ಲಿ ಓದಿ ಕಲ್ಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜು ಸೇರಿದ ಹುಡುಗ ಮೋಹನ್ ಬಾಗಾನ್ ಫುಟ್‌ಬಾಲ್ ಕ್ಲಬ್ಬಿನ ಗೋಡೆಯಂಥ ಆಟಗಾರನಾದ. ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ಗೆ ಕಳಿಸಿದ ಫುಟ್‌ಬಾಲ್ ತಂಡಕ್ಕೆ ಅವರೇ ನಾಯಕ. ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದವರೂ ಅವರೇ. ಆಗ ಅವರಿನ್ನೂ ವೈದ್ಯ ವಿದ್ಯಾರ್ಥಿ. ಪದವಿ ಕೈಸೇರಿದ್ದು 1950ರಲ್ಲಿ.

ಆ ತಂಡದಲ್ಲಿ ನಮ್ಮವರ ಪಾಲು ದೊಡ್ಡದು. ಬೆಂಗಳೂರಿನ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್, ವಜ್ರವೇಲು, ಧನರಾಜ್, ಬಷೀರ್. ಫ್ರಾನ್ಸಿನ ವಿರುದ್ಧ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 2-1ರಿಂದ ಸೋತರು. ನಮ್ಮ ಏಕೈಕ ಗೋಲು ರಾಮನ್ ಅವರದು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಬೆಂಗಳೂರಿನ ಕಾಲಿನಿಂದ ಬಂದದ್ದು ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?  ಆರ್ಸೆನಲ್ ಕ್ಲಬ್ಬು ಆವೊ ಅವರನ್ನು ಸಂಬಳಕ್ಕೆ ಕರೆಯಿತೆಂದೂ ತಂದೆಯ ಆಸೆ ನೆನೆದು ಅವರು ಒಲ್ಲೆ ಎಂದರೆಂದೂ ಹೇಳುತ್ತಾರೆ. ಆಮೇಲೆ ಅವರು ಚೆಂಡಿನ ಹಿಂದೆ ಹೋಗಲಿಲ್ಲ. ಅಸ್ಸಾಮಿನಲ್ಲೂ ಕೊಹಿಮಾದಲ್ಲೂ ಸರ್ಕಾರಿ ವೈದ್ಯರಾಗಿ ದುಡಿದು, ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಗ್ರೇಸ್ ಡಾಕ್ಟರಿಕೆಯ ಮರೆಯಲ್ಲಿ ಆಟದ ದುಡ್ಡು ಎಣಿಸಿಕೊಂಡರು, ಆವೊ ಡಾಕ್ಟರಿಕೆಗಾಗಿ ಆಟದ ದುಡ್ಡು ಬಿಟ್ಟರು. ವಯನಾಡಿನಂಥ ಗುಡ್ಡಗಾಡಿನ ಜಿಲ್ಲೆಯಲ್ಲಿ ಕೂತು ಕೇಳುತ್ತಿರುವ ನಿಮಗೆ, ಒಬ್ಬ ವೈದ್ಯ ಊರಿಗೆ ವಾಪಸು ಬರುವುದರ ಬೆಲೆ ನನಗಿಂತ ಚೆನ್ನಾಗಿ ಗೊತ್ತು. ಘಾಟಿಯಿಳಿದು ಕೋಯಿಕ್ಕೋಡಿಗೋ ಕಾಡು ದಾಟಿ ಮೈಸೂರಿಗೋ ರೋಗಿಯನ್ನು ಹೊತ್ತು ಓಡಿದವರು ಈ ಸಭೆಯಲ್ಲೇ ಇದ್ದಾರೆ.

ಇನ್ನು ನಿಮ್ಮ ಜಿಲ್ಲೆಯದೇ ಮಾತು. ಘಟ್ಟದ ಕೆಳಗಿನ ತಲಶ್ಶೇರಿಗೆ ಕ್ರಿಕೆಟ್ ತಂದವನು ಆರ್ಥರ್ ವೆಲ್ಲೆಸ್ಲಿ ಎಂಬ ಐತಿಹ್ಯವಿದೆ. ಟಿಪ್ಪು ಬಿದ್ದಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಹೊತ್ತಿದ್ದ ಅದೇ ವೆಲ್ಲೆಸ್ಲಿ. ಅವನ ಸೈನ್ಯಕ್ಕೆ ವಯನಾಡಿನಲ್ಲಿ ಎದುರುನಿಂತವರು ಪಳಶಿರಾಜ ಮತ್ತು ಅವನ ಕುರಿಚ್ಯ ಬಿಲ್ಲುಗಾರರು. 1802ರಲ್ಲಿ ತಲಕ್ಕಲ್ ಚಂದು, ಎಡಚ್ಚನ ಕುಂಕನ್ ಕೂಡಿ ಪನಮರಂ ಕೋಟೆ ಹಿಡಿದರು. ಇನ್ನೂರು ವರ್ಷ ದಾಟಿ, ಅದೇ ಕುರಿಚ್ಯ ಸಮುದಾಯದಿಂದ ಇಬ್ಬರು ಹೆಣ್ಣುಮಕ್ಕಳು ಭಾರತದ ಪರವಾಗಿ ಕ್ರಿಕೆಟ್ ಆಡಿದ್ದಾರೆ. ಮಿನ್ನು ಮಣಿ 2023ರ ಜುಲೈ 9ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಇಳಿದು ತಮ್ಮ ಮೊದಲ ಓವರಿನಲ್ಲೇ ವಿಕೆಟ್ ಪಡೆದರು. ಎಚ್. ಡಿ. ಕೋಟೆ, ಬಾವಲಿ ದಾಟಿ ಮಾನಂದವಾಡಿಗೆ ಬರುವ ನಮ್ಮ ಕಡೆಯವರು ಮೈಸೂರು ರೋಡ್ ಜಂಕ್ಷನ್ ಎಂದು ಹುಡುಕಬಾರದು, ಪುರಸಭೆ ಅದನ್ನು ಮಿನ್ನು ಮಣಿ ಜಂಕ್ಷನ್ ಮಾಡಿದೆ. ಮೈಸೂರಿನ ಹೆಸರು ಹೋದುದಕ್ಕೆ ನನಗೆ ಬೇಸರವಿಲ್ಲ. ಇನ್ನೊಬ್ಬರು ಸಜನಾ ಸಜೀವನ್. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಿಳೆಯರ ಲೀಗಿನ ಮುಂಬೈ ತಂಡದ ಪರವಾಗಿ ಕೊನೆಯ ಚೆಂಡಿಗೆ ಕ್ರೀಸಿಗೆ ಬಂದರು. ಗೆಲ್ಲಲು ಐದು ಬೇಕಿತ್ತು. ತಾವು ಎದುರಿಸಿದ ಮೊದಲ ಚೆಂಡನ್ನೇ ಸಿಕ್ಸರ್ ಎತ್ತಿದರು.

ಇವರಿಬ್ಬರ ಸಂಬಳ ಯಾವ ಮೇಲಂಗಿಯ ಕೆಳಗೂ ಇಲ್ಲ. ಮಿನ್ನು ಅವರನ್ನು 2023ರ ಹರಾಜಿನಲ್ಲಿ ದೆಹಲಿ ತಂಡ 30 ಲಕ್ಷಕ್ಕೆ ತೆಗೆದುಕೊಂಡಿತು, ಸಜನಾ ಅವರನ್ನು ಮುಂದಿನ ಹರಾಜಿನಲ್ಲಿ ಮುಂಬೈ 15 ಲಕ್ಷಕ್ಕೆ. ಪತ್ರಿಕೆಗಳು ಅಂಕಿ ಸಮೇತ ಅಚ್ಚು ಹಾಕಿದವು. ಬಾಲೂ ಅವರ 4 ರೂಪಾಯಿಗೆ ಇದನ್ನು ಹೋಲಿಸಿ ಬೆರಗಾಗುವುದರಲ್ಲಿ ಅರ್ಥವಿಲ್ಲ, ಅಷ್ಟು ಕಾಲದಲ್ಲಿ ಅಕ್ಕಿಯ ಬೆಲೆಯೂ ಬದಲಾಗಿದೆ. 1873ರ ಹಡಗಿನ ಲೆಕ್ಕಕ್ಕೆ ಹೋಲಿಸಬೇಕು. ಒಂದೇ ತಂಡ, ಒಂದೇ ಆಟ, ಜಂಟಲ್‌ಮನ್‌ಗೆ 1,500, ಉಳಿದವರಿಗೆ 170. ಭಾರತದ ಕ್ರಿಕೆಟ್ ಮಂಡಳಿ 2022ರ ಅಕ್ಟೋಬರಿನಲ್ಲಿ ದೇಶದ ಪರವಾಗಿ ಆಡುವ ಹೆಂಗಸರಿಗೂ ಗಂಡಸರಿಗೂ ಪಂದ್ಯದ ಸಂಭಾವನೆಯನ್ನು ಸಮ ಮಾಡಿತು. ಮೀರ್‌ಪುರದ ಆ ಪಂದ್ಯಕ್ಕೆ ವಯನಾಡಿನ ಹುಡುಗಿಗೆ ನಿಗದಿಯಾಗಿದ್ದದ್ದು 3 ಲಕ್ಷ, ಅಂಥದೇ ಪಂದ್ಯಕ್ಕೆ ಗಂಡಸರ ತಂಡದ ಎಂಥ ದೊಡ್ಡ ಹೆಸರಿಗೂ ಅಷ್ಟೇ. ಲೀಗಿನ ಹರಾಜಿನಲ್ಲಿ ಆ ಸಮ ಇನ್ನೂ ಬಂದಿಲ್ಲ.